ಪ್ಯಾಟ್ರಿಷಿಯಾ ಬಾತ್ ಫಲಕ: ನಮ್ಮ ಕಡೆ ಆಗುವ ‘ಲೇಸರ್ ಆಪರೇಷನ್’ ಅವರ ಯಂತ್ರದ್ದೇನಾ?

ಕುಷ್ಟಗಿ_ವಿಜ್ಞಾನ ಕೇಳಿದ್ದು:

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಕುಷ್ಟಗಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳು ಅಮೆರಿಕದ ಕಣ್ಣಿನ ಶಸ್ತ್ರಚಿಕಿತ್ಸಕಿ ಡಾ. ಪ್ಯಾಟ್ರಿಷಿಯಾ ಬಾತ್ ಅವರ ಬಗ್ಗೆ ಫಲಕ ಮಾಡುತ್ತಿದ್ದಾರೆ. ಕರಡಿನಲ್ಲಿ ನಾಲ್ಕು ಮುಖ್ಯ ಸಾಲುಗಳಿವೆ:

1. ಅಮೆರಿಕದ ಮೊದಲ ಕಪ್ಪು ವರ್ಣೀಯ ಮಹಿಳಾ ಶಸ್ತ್ರಚಿಕಿತ್ಸಕಿ.
2. ಪೇಟೆಂಟ್ ಪಡೆದ ಮೊದಲ ಕಪ್ಪು ಮಹಿಳೆ.
3. ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಕಂಡುಹಿಡಿದವರು.
4. ಇವತ್ತು ಬಳ್ಳಾರಿ, ರಾಯಚೂರು ಆಸ್ಪತ್ರೆಗಳಲ್ಲಿ ಆಗುವ ಲೇಸರ್ ಆಪರೇಷನ್ ಇವರ ಯಂತ್ರದಿಂದಲೇ ಆಗುತ್ತದೆ.

ನಾಲ್ಕನೆಯದರ ಮೇಲೆ ನನಗೆ ಅನುಮಾನ. ಅವತ್ತು ಊರಿನ ಹಿರಿಯರೂ ಬರುತ್ತಾರೆ, ಅವರಲ್ಲಿ ಎಷ್ಟೋ ಜನಕ್ಕೆ ಪೊರೆ ಬಂದಿರುತ್ತದೆ. ಆದ್ದರಿಂದ ತಪ್ಪು ಮಾಹಿತಿ ಹೋಗಬಾರದು. ಕಣ್ಣಿನ ವೈದ್ಯಕೀಯ ಗೊತ್ತಿದ್ದವರು, ಬಾತ್ ಅವರ ಜೀವನ ಓದಿದವರು ತಿದ್ದಿಕೊಡಿ. ಫಲಕದ ಪಕ್ಕದಲ್ಲಿ ಬಂದವರ ಕಣ್ಣು ನೋಡುವ ಸಣ್ಣ ಚಟುವಟಿಕೆ ಏನಾದರೂ ಇಡಬಹುದೇ?

ಕಣ್ಣು_ಡಾಕ್ಟರ್_ಬಳ್ಳಾರಿ:

ಮಾಸ್ತರೇ, ನಾಲ್ಕನೆಯ ಸಾಲು ಪೂರ್ತಿ ತೆಗೆದುಬಿಡಿ. ಮೂರನೆಯದನ್ನು ತಿದ್ದಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಜನ ‘ಲೇಸರ್ ಆಪರೇಷನ್ ಮಾಡಿಸಿದೆವು’ ಎನ್ನುವುದು ಹೆಚ್ಚಾಗಿ ಫೇಕೋ ಆಪರೇಷನ್‌ಗೆ. ಅದರಲ್ಲಿ ಲೇಸರ್ ಇಲ್ಲವೇ ಇಲ್ಲ. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ 2.2ರಿಂದ 2.8 ಮಿಮೀ ಕೊಯ್ದು, ಒಂದು ಟೊಳ್ಳು ಸೂಜಿ ಒಳಗೆ ಬಿಡುತ್ತಾರೆ. ಆ ಸೂಜಿ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುತ್ತದೆ. ಪೊರೆ ಬಂದ ಮಸೂರವನ್ನು ಶ್ರವಣಾತೀತ (ಕಿವಿಗೆ ಕೇಳದಷ್ಟು ವೇಗದ) ಕಂಪನದಿಂದ ಒಡೆದು, ಅದೇ ಸೂಜಿಯಿಂದ ಹೀರಿ ತೆಗೆಯುತ್ತಾರೆ. ಇದನ್ನು ರೂಪಿಸಿದವರು ಚಾರ್ಲ್ಸ್ ಕೆಲ್ಮನ್, 1967ರಲ್ಲಿ. ಕೊಯ್ತ ಸಣ್ಣದು, ಹೊಲಿಗೆ ಇಲ್ಲ, ಮರುದಿನ ಮನೆ. ಹಾಗಾಗಿ ಜನರ ಬಾಯಲ್ಲಿ ಅದು ‘ಲೇಸರ್’ ಆಯಿತು.

ಇನ್ನು ನಿಜವಾದ ಲೇಸರ್‌ಗಳು. ಫೆಮ್ಟೋಸೆಕೆಂಡ್ ಲೇಸರ್ ಕೊಯ್ತವನ್ನೂ, ಮಸೂರವನ್ನು ಸುತ್ತಿರುವ ತೆಳು ಚೀಲದ ಮುಂಭಾಗದ ದುಂಡು ಕಿಂಡಿಯನ್ನೂ ಮಾಡಿ, ಪೊರೆಯನ್ನು ತುಂಡರಿಸಿ ಕೊಡುತ್ತದೆ. ಮನುಷ್ಯರ ಪೊರೆ ಆಪರೇಷನ್‌ನಲ್ಲಿ ಇದನ್ನು ಮೊದಲು ಬಳಸಿದ್ದು 2008ರಲ್ಲಿ, ಬುಡಾಪೆಸ್ಟ್‌ನಲ್ಲಿ. ಆದರೆ ತುಂಡುಗಳನ್ನು ಹೀರಿ ತೆಗೆಯಲು ಆಮೇಲೂ ಫೇಕೋ ಸೂಜಿಯೇ ಬೇಕು. ಯಾಗ್ ಲೇಸರ್ ಬಳಸುವುದು ಪೊರೆ ಆಪರೇಷನ್ ಆಗಿ ಕೆಲವು ತಿಂಗಳು ಅಥವಾ ವರ್ಷಗಳ ಮೇಲೆ ಹಿಂಭಾಗದ ಚೀಲ ಮಸುಕಾದಾಗ ಅದರಲ್ಲಿ ಕಿಂಡಿ ಮಾಡಲು. ‘ಪೊರೆ ಮತ್ತೆ ಬಂತು’ ಎನ್ನುತ್ತಾರಲ್ಲ, ಅದು ಇದು. ಪೊರೆ ಮತ್ತೆ ಬರುವುದಿಲ್ಲ, ಉಳಿಸಿಕೊಂಡ ಚೀಲ ಮಸುಕಾಗುತ್ತದೆ. ಕನ್ನಡಕ ತಪ್ಪಿಸುವ ಲೇಸಿಕ್‌ನಲ್ಲಿ 193 ನ್ಯಾನೋಮೀಟರ್‌ನ ಎಕ್ಸೈಮರ್ ಎಂಬ ನೇರಳಾತೀತ ಲೇಸರ್ ಇರುತ್ತದೆ, ಅದು ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ. ಅದಕ್ಕೂ ಪೊರೆಗೂ ಸಂಬಂಧವಿಲ್ಲ.

ಬಾತ್ ಅವರದ್ದು ಇವೆಲ್ಲಕ್ಕಿಂತ ಬೇರೆ. ಹೆಸರು ‘ಲೇಸರ್‌ಫೇಕೋ ಪ್ರೋಬ್’. ಅಮೆರಿಕದ ಪೇಟೆಂಟ್ ಸಂಖ್ಯೆ 4,744,360, ಮಂಜೂರಾದದ್ದು 1988ರ ಮೇ 17. ಅದರಲ್ಲಿ ಹೇಳಿರುವ ರಚನೆಯನ್ನು ಮಕ್ಕಳು ಚಿತ್ರವಾಗಿ ಬಿಡಿಸಬಹುದು: ನಟ್ಟನಡುವೆ ಒಂದು ಆಪ್ಟಿಕಲ್ ಫೈಬರ್, ಅದರ ಸುತ್ತ ನೀರು ಬಿಡುವ ಕೊಳವೆ, ಅದರ ಹೊರಗೆ ಭಾಗಶಃ ಸುತ್ತಿಕೊಂಡ ಹೀರು ಕೊಳವೆ. ಒಳಗೆ ಹೋಗುವ ಬಳ್ಳಿಯಂಥ ಈ ಎಳೆಯ ದಪ್ಪ 1 ಮಿಮೀ ಅಥವಾ ಅದಕ್ಕೂ ಕಡಿಮೆ ಇರಬೇಕೆಂದು ಉದ್ದೇಶ. ಫೈಬರ್‌ನಲ್ಲಿ ಬರುವ ಬೆಳಕು 193ರಿಂದ 351 ನ್ಯಾನೋಮೀಟರ್‌ನೊಳಗಿನ ನೇರಳಾತೀತ ಲೇಸರ್. ಅದು ಪೊರೆಯನ್ನು ಪದರಪದರವಾಗಿ ಆವಿಯಾಗಿಸಿದಂತೆ ತೆಗೆಯುತ್ತದೆ, ನೀರು ಕಣ್ಣಿನ ಒಳಗಿನ ಜಾಗ ಕುಸಿಯದಂತೆ ಹಿಡಿಯುತ್ತದೆ, ಪುಡಿ ಹೀರಿ ಹೊರಗೆ ಬರುತ್ತದೆ. ಮೂರು ಕೆಲಸ ಒಂದೇ ತುದಿಯಲ್ಲಿ. ಜಾಣ್ಮೆ ಇರುವುದು ಇಲ್ಲಿ.

ಒಂಬತ್ತನೇ ತರಗತಿಗೆ ಲೆಕ್ಕವೂ ಸಿಗುತ್ತದೆ. 1240ನ್ನು ತರಂಗಾಂತರದಿಂದ (ನ್ಯಾನೋಮೀಟರ್‌ನಲ್ಲಿ) ಭಾಗಿಸಿದರೆ ಒಂದು ಬೆಳಕಿನ ಕಣದ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬರುತ್ತದೆ. 308 ನ್ಯಾನೋಮೀಟರ್‌ನ ಎಕ್ಸೈಮರ್ ಲೇಸರ್‌ಗೆ ಅದು ಸುಮಾರು 4. ಇಂಗಾಲ-ಇಂಗಾಲ ಬಂಧ ಒಡೆಯಲು ಸುಮಾರು 3.6 ಸಾಕು. ಟಾರ್ಚಿನ ಕೆಂಪು ಬೆಳಕು, 650 ನ್ಯಾನೋಮೀಟರ್ ಎಂದುಕೊಂಡರೆ, 2ನ್ನೂ ಮುಟ್ಟುವುದಿಲ್ಲ. ನೇರಳಾತೀತವೇ ಏಕೆ ಎಂದು ಯಾರಾದರೂ ಕೇಳಿದರೆ ಮಕ್ಕಳು ಇದನ್ನೇ ಹೇಳಲಿ.

ಹಾಗಿದ್ದರೆ ಅದು ನಮ್ಮಲ್ಲಿ ಏಕಿಲ್ಲ? ಲೇಸರ್ ಮೆತ್ತನೆಯ ಪೊರೆಯನ್ನು ಚೆನ್ನಾಗಿ ತೆಗೆಯುತ್ತದೆ. ಗಟ್ಟಿಯಾದ ಕಂದು ಬೀಜಕ್ಕೆ, ಅಂದರೆ ಮಸೂರದ ನಡುಭಾಗಕ್ಕೆ, ಬಹಳ ಹೊತ್ತು ಹಿಡಿಯುತ್ತದೆ. ಯಂತ್ರ ದುಬಾರಿ. ಅಷ್ಟರಲ್ಲಿ ಶ್ರವಣಾತೀತ ಕಂಪನದ ಯಂತ್ರಗಳು ಸುಧಾರಿಸಿ ಎಲ್ಲೆಡೆ ನೆಲೆಯೂರಿದವು. ನಮ್ಮ ಕಡೆ ಬಿಸಿಲಲ್ಲಿ ದುಡಿದ ಹಿರಿಯರು ಎರಡೂ ಕಣ್ಣು ಪೂರಾ ಮಂಜಾಗುವವರೆಗೆ ಕಾಯುತ್ತಾರೆ. ಆಗ ಬೀಜ ಕಲ್ಲಿನಂತೆ ಆಗಿರುತ್ತದೆ. ಅಂಥ ಕಣ್ಣಿಗೆ ಫೇಕೋ ಸೂಜಿಯ ಶಕ್ತಿಯೂ ಹೆಚ್ಚು ಬೇಕು, ಕಪ್ಪುಗುಡ್ಡೆಯ ಒಳಪದರದ ಜೀವಕೋಶಗಳು ಹಾಳಾಗುತ್ತವೆ, ಚೀಲ ಹರಿದು ಬೀಜದ ತುಂಡು ಹಿಂದಕ್ಕೆ ಬೀಳಬಹುದು. ಆದ್ದರಿಂದ ಜಿಲ್ಲಾ ಆಸ್ಪತ್ರೆ, ಶಿಬಿರಗಳಲ್ಲಿ ಹೆಚ್ಚು ಮಾಡುವುದು ಸಣ್ಣ ಕೊಯ್ತದ, ಹೊಲಿಗೆಯಿಲ್ಲದ ಆಪರೇಷನ್: ಬಿಳಿಗುಡ್ಡೆಯಲ್ಲಿ 6ರಿಂದ 7 ಮಿಮೀ ಸುರಂಗ ಮಾಡಿ ಬೀಜವನ್ನು ಇಡಿಯಾಗಿ ತೆಗೆಯುತ್ತಾರೆ. ಒಳಗಿನ ಒತ್ತಡಕ್ಕೆ ಸುರಂಗ ತಾನೇ ಮುಚ್ಚಿಕೊಳ್ಳುತ್ತದೆ. ಇದು ಬಡವರ ಆಪರೇಷನ್, ಕಳಪೆ ಆಪರೇಷನ್ ಎಂಬ ಮಾತು ಶುದ್ಧ ತಪ್ಪು. ಗಟ್ಟಿ ಪೊರೆಗೆ ಒಳ್ಳೆಯ ಕೈಯಲ್ಲಿ ಇದೇ ಸುರಕ್ಷಿತ. ‘ಲೇಸರ್ ಇದ್ದರೆ ಮಾತ್ರ ಮಾಡಿಸುತ್ತೇನೆ’ ಎಂದು ಎರಡು ವರ್ಷ ಕಾಯುವ ಅಜ್ಜನಿಗೆ ಆ ಎರಡು ವರ್ಷವೇ ನಷ್ಟ. ನಿಮ್ಮ ನಾಲ್ಕನೆಯ ಸಾಲು ಅಂಥವರನ್ನು ಇನ್ನಷ್ಟು ಕಾಯಿಸುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳಿದೆ.

ಮೂರನೆಯ ಸಾಲು: ಪೊರೆಗೆ ಶಸ್ತ್ರಚಿಕಿತ್ಸೆ ಸುಶ್ರುತ ಸಂಹಿತೆಯಲ್ಲೇ ಇದೆ. ಅಲ್ಲಿ ಪೊರೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಮಸೂರವನ್ನು ಹೊರಗೆ ತೆಗೆಯುವ ಕ್ರಮ 1747ರಲ್ಲಿ ಫ್ರಾನ್ಸಿನ ಡಾವಿಯೆಲ್ ಅವರದ್ದು, ಕೃತಕ ಮಸೂರ ಇಟ್ಟದ್ದು 1949ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. ‘ಲೇಸರ್‌ನಿಂದ ಪೊರೆ ಕರಗಿಸಿ ತೆಗೆಯುವ ಉಪಕರಣ ರೂಪಿಸಿದವರು’ ಎಂದು ಬರೆಯಿರಿ, ಸರಿಯಾಗುತ್ತದೆ.

ರಾಯಚೂರು_ಓದು:

ಡಾಕ್ಟರ್ ಸಾಹೇಬರು ಯಂತ್ರದ ವಿಷಯ ಬಿಡಿಸಿ ಹೇಳಿದ್ದಾರೆ. ಮೊದಲೆರಡು ಸಾಲು ನಾನು ನೋಡುತ್ತೇನೆ.

ಮೊದಲ ಸಾಲು ತಪ್ಪು. ಬಾತ್ ಎಂ.ಡಿ. (ಅಮೆರಿಕದಲ್ಲಿ ಇದು ವೈದ್ಯರ ಮೊದಲ ಪದವಿ) ಮುಗಿಸಿದ್ದು 1968ರಲ್ಲಿ. ಹೆಲೆನ್ ಡಿಕೆನ್ಸ್ 1950ರಲ್ಲೇ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಶಸ್ತ್ರಚಿಕಿತ್ಸಕರ ಸಂಘ ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. ಅನಾಥಾಲಯದಲ್ಲಿ ಬೆಳೆದ ಡೊರೊಥಿ ಲವಿನಿಯಾ ಬ್ರೌನ್ 1948ರಲ್ಲಿ ಮೆಹಾರಿ ವೈದ್ಯಕೀಯ ಕಾಲೇಜಿನಿಂದ ಹೊರಬಂದು ಅಮೆರಿಕ ದೇಶದ ದಕ್ಷಿಣ ರಾಜ್ಯಗಳಲ್ಲಿ ಸರ್ಜನ್ ಆದವರು. ಮಕ್ಕಳು ಇದನ್ನು ದಕ್ಷಿಣ ಅಮೆರಿಕ ಖಂಡದ ಜೊತೆ ಕಲಸಿಬಿಡುತ್ತಾರೆ, ಎಚ್ಚರ.

ಎರಡನೆಯದೂ ಹಾಗೆ ನಿಲ್ಲುವುದಿಲ್ಲ. ಜೂಡಿ ರೀಡ್ 1884ರಲ್ಲಿ ಹಿಟ್ಟು ನಾದುವ ಯಂತ್ರಕ್ಕೆ, ಸಾರಾ ಗುಡ್ 1885ರಲ್ಲಿ ಮಡಚುವ ಮಂಚಕ್ಕೆ ಪೇಟೆಂಟ್ ಪಡೆದ ಕಪ್ಪು ಮಹಿಳೆಯರು. ‘ವೈದ್ಯಕೀಯ ಉಪಕರಣಕ್ಕೆ ಪೇಟೆಂಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ವೈದ್ಯೆ’ ಎಂದರೆ ಬಾತ್ ಅವರಿಗೆ ಒಪ್ಪುತ್ತದೆ. ‘ವೈದ್ಯೆ’ ಎಂಬ ಪದ ಬಿಡಬೇಡಿ.

ಅವರಿಗೆ ನಿಜವಾಗಿ ಸಲ್ಲುವ ‘ಮೊದಲು’ಗಳೇ ಸಾಕಷ್ಟಿವೆ. ಹುಟ್ಟಿದ್ದು 1942ರ ನವೆಂಬರ್ 4, ನ್ಯೂಯಾರ್ಕಿನ ಹಾರ್ಲೆಂನಲ್ಲಿ. ಟ್ರಿನಿಡಾಡ್‌ನಿಂದ ಬಂದ ತಂದೆ ನೆಲದಡಿ ರೈಲು ಓಡಿಸುತ್ತಿದ್ದರು, ತಾಯಿ ಮನೆಗೆಲಸ ಮಾಡುತ್ತಿದ್ದರು. ಮಗಳಿಗೆ ರಸಾಯನಶಾಸ್ತ್ರದ ಪ್ರಯೋಗದ ಪೆಟ್ಟಿಗೆ ತಂದುಕೊಟ್ಟದ್ದು ಆ ತಾಯಿಯೇ. 1964ರಲ್ಲಿ ಹಂಟರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ, 1968ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ (ಇದು ವಾಷಿಂಗ್ಟನ್‌ನ ಹಾವರ್ಡ್, ಬಾಸ್ಟನ್ ಬಳಿಯ ಹಾರ್ವರ್ಡ್ ಅಲ್ಲ. ಕನ್ನಡದಲ್ಲಿ ಒಂದು ರೇಫ ಹೆಚ್ಚಾದರೆ ಕಾಲೇಜೇ ಬದಲಾಗುತ್ತದೆ). 1970ರಿಂದ 1973 ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಣ್ಣಿನ ವೈದ್ಯಕೀಯ ತರಬೇತಿ, ಅಲ್ಲಿ ಆ ವಿಭಾಗದ ಮೊದಲ ಆಫ್ರಿಕನ್ ಅಮೆರಿಕನ್. 1975ರಲ್ಲಿ ಲಾಸ್ ಏಂಜಲೀಸ್‌ನ ಜೂಲ್ಸ್ ಸ್ಟೈನ್ ಕಣ್ಣಿನ ಸಂಸ್ಥೆಯ ಬೋಧಕವರ್ಗದಲ್ಲಿ ಮೊದಲ ಮಹಿಳೆ. ಅಲ್ಲಿ ಮೊದಲು ಕೊಡಹೊರಟ ಕೋಣೆ ನೆಲಮಾಳಿಗೆಯಲ್ಲಿ, ಪ್ರಯೋಗದ ಪ್ರಾಣಿಗಳ ಪಕ್ಕದಲ್ಲಿತ್ತು. ಒಪ್ಪದೆ, ಸರಿಯಾದ ಕೋಣೆ ಪಡೆದೇ ಕೆಲಸ ಶುರುಮಾಡಿದರು. 1983ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ತರಬೇತಿ ಕಾರ್ಯಕ್ರಮದ ಮುಖ್ಯಸ್ಥೆ, ಅಮೆರಿಕದಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಲೇಸರ್ ಯೋಚನೆ 1981ರದ್ದು. ಬೇಕಾದ ಲೇಸರ್ ಹುಡುಕಿಕೊಂಡು 1986ರಲ್ಲಿ ಬರ್ಲಿನ್‌ಗೆ ಹೋಗಬೇಕಾಯಿತು. ತೀರಿಕೊಂಡದ್ದು 2019ರ ಮೇ 30.

ಆದರೆ ಫಲಕದಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರಬೇಕಾದದ್ದು ಈ ಪಟ್ಟಿಯಲ್ಲ, ಲೇಸರೂ ಅಲ್ಲ. ಎಂ.ಡಿ. ಮುಗಿಸಿದ ಹೊಸತರಲ್ಲಿ ಅವರು ಎರಡು ಕಡೆ ಕೆಲಸ ಮಾಡಿದರು: ಹಾರ್ಲೆಂ ಆಸ್ಪತ್ರೆ, ಕೊಲಂಬಿಯಾ ವಿಶ್ವವಿದ್ಯಾಲಯದ ಕಣ್ಣಿನ ಚಿಕಿತ್ಸಾಲಯ. ಎರಡೂ ಒಂದೇ ಊರಲ್ಲಿ. ಹೆಚ್ಚಾಗಿ ಕಪ್ಪು ಜನರಿದ್ದ ಹಾರ್ಲೆಂನಲ್ಲಿ ಕಣ್ಣಿಗೆಂದು ಬಂದವರಲ್ಲಿ ಹತ್ತಿರಹತ್ತಿರ ಅರ್ಧ ಜನ ಅಂಧರು ಅಥವಾ ದೃಷ್ಟಿ ಕುಂದಿದವರು. ಕೊಲಂಬಿಯಾದಲ್ಲಿ ಅಂಥವರು ತೀರ ಕಡಿಮೆ. ಅವರು ಹಳೆಯ ದಾಖಲೆ ತೆಗೆದು ಲೆಕ್ಕ ಹಾಕಿದರು: ಕಪ್ಪು ಜನರಲ್ಲಿ ಅಂಧತ್ವ ಬಿಳಿಯರ ಎರಡರಷ್ಟಿತ್ತು. ಕಾರಣ, ಕಣ್ಣಿನ ವೈದ್ಯರು ಅವರಿಗೆ ಕೈಗೆಟುಕದೆ ಇದ್ದದ್ದು. ಹಾರ್ಲೆಂ ಆಸ್ಪತ್ರೆಯಲ್ಲಿ ಆಗ ಕಣ್ಣಿನ ಆಪರೇಷನ್ನೇ ನಡೆಯುತ್ತಿರಲಿಲ್ಲ. ಕೊಲಂಬಿಯಾದ ತಮ್ಮ ಪ್ರಾಧ್ಯಾಪಕರನ್ನು ಒಪ್ಪಿಸಿ, ಹಣ ತೆಗೆದುಕೊಳ್ಳದೆ ಅಲ್ಲಿ ಆಪರೇಷನ್ ಮಾಡಿಸಿದರು. ಮೊದಲನೆಯದು 1970ರಲ್ಲಿ. ಮುಂದೆ ಇದನ್ನೇ ‘ಸಮುದಾಯ ನೇತ್ರವೈದ್ಯಕೀಯ’ ಎಂಬ ಶಾಖೆಯಾಗಿ ಕಟ್ಟಿದರು: ತರಬೇತಾದ ಸ್ವಯಂಸೇವಕರು ಓಣಿ, ಶಾಲೆ, ವೃದ್ಧರ ಕೇಂದ್ರಗಳಿಗೆ ಹೋಗಿ ಕಣ್ಣು ನೋಡುವುದು, ಕನ್ನಡಕ ಬೇಕಾದವರಿಗೆ ಕನ್ನಡಕ, ಪೊರೆ ಇದ್ದವರನ್ನು ಆಸ್ಪತ್ರೆಗೆ ಮುಟ್ಟಿಸುವುದು. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ‘ಅವ್ವಾ, ಕಣ್ಣು ಹೆಂಗ ಕಾಣಸ್ತಾವ?’ ಅಂತ ಕೇಳುತ್ತಾಳಲ್ಲ, ಆ ಕೆಲಸದ ತರ್ಕವೂ ಇದೇ. ನಮ್ಮ ದೇಶದ ಅಂಧತ್ವ ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮವೂ ಅದೇ ದಶಕದ್ದು, 1976ರದ್ದು. ಅವರಿಂದ ಇದು ಬಂತು ಎಂದು ಬರೆಯಬೇಡಿ, ಎರಡೂ ಬೇರೆ ಬೇರೆ ಹುಟ್ಟಿದವು. ಜೊತೆಯಲ್ಲಿಟ್ಟು ತೋರಿಸಿದರೆ ಸಾಕು.

ಕುಷ್ಟಗಿ_ವಿಜ್ಞಾನ:

ಇಬ್ಬರಿಗೂ ಶರಣು. ನಾಲ್ಕು ಸಾಲೂ ಬದಲಾದವು. ಹಾರ್ಲೆಂ ಮತ್ತು ಕೊಲಂಬಿಯಾ ಹೋಲಿಕೆಯನ್ನು ನಡುವಿಗೆ ತಂದು, ಪ್ರೋಬ್‌ನ ಅಡ್ಡಕೊಯ್ತದ ಚಿತ್ರವನ್ನು ಬಲಗಡೆ ಇಡುತ್ತೇವೆ. ಹಾಗಿದ್ದರೆ ಚಟುವಟಿಕೆಯೂ ಅದೇ ಆಗಲಿ: ಮಕ್ಕಳೇ ಹಿರಿಯರ ದೃಷ್ಟಿ ನೋಡುವುದು. ನಮ್ಮಲ್ಲಿ ಅಕ್ಷರ ಬಾರದ ಹಿರಿಯರೇ ಹೆಚ್ಚು. ಅಳತೆ ಸಮೇತ ಹೇಳಿಕೊಡುತ್ತೀರಾ?

ನೇತ್ರ_ತಪಾಸಣೆ_ಸಿಂಧನೂರು:

ಹೇಳ್ತೀನ್ರಿ ಸರ್. ಅಕ್ಷರ ಬ್ಯಾಡ, ಇಂಗ್ಲಿಷಿನ ‘ಇ’ ಆಕಾರದ ಮೂರು ಹಲ್ಲು ಇರೋ ಗುರುತು ಸಾಕು. ಬಾಚಣಿಕೆ ಹಲ್ಲು ಯಾವ ಕಡೆ ಅದಾವ ಅಂತ ಕೇಳ್ರಿ, ಹಿರಿಯರು ಕೈ ಮಾಡಿ ತೋರಸ್ತಾರ.

ಬಿಳಿ ಡ್ರಾಯಿಂಗ್ ಹಾಳಿ ಮ್ಯಾಲೆ ಕಪ್ಪು ಬಣ್ಣದಾಗ ಎರಡು ಗುರುತು ಮಾಡ್ರಿ. 6 ಮೀಟರ್ ದೂರಕ್ಕ ದೊಡ್ಡದು 87 ಮಿಮೀ ಉದ್ದ, 87 ಮಿಮೀ ಅಗಲ, ಒಂದೊಂದು ಗೆರಿ 17.5 ಮಿಮೀ ದಪ್ಪ. ಇದು 6/60, ಅಂದ್ರ ಛಲೋ ಕಣ್ಣಿಗೆ 60 ಮೀಟರಿಂದ ಕಾಣೋದು ಇವರಿಗೆ 6 ಮೀಟರಿಂದ ಕಾಣಸ್ತದ. ಸಣ್ಣದು 26 ಮಿಮೀ ಚೌಕ, ಗೆರಿ 5.2 ಮಿಮೀ. ಇದು 6/18. ಗೆರಿ, ಗೆರಿ ನಡುವಿನ ಖಾಲಿ ಜಾಗ, ಎರಡೂ ಒಂದೇ ದಪ್ಪ ಇರಬೇಕು, ಅಂದ್ರ ಒಟ್ಟು ಎತ್ತರದ ಐದನೇ ಒಂದು ಭಾಗ. ಮೊಬೈಲಿನಾಗಿನ ಚಿತ್ರ ಪ್ರಿಂಟ್ ತಗದ್ರ ಅಳತಿ ಹೆಚ್ಚುಕಡಿಮಿ ಆಗ್ತದ, ಸ್ಕೇಲ್ ಇಟ್ಟು ನೋಡದ ಬಳಸಬ್ಯಾಡ್ರಿ. ಕೋಣಿ ಸಣ್ಣದಿದ್ರ 3 ಮೀಟರಿಗೆ ನಿಲ್ಲಿಸಿ, ಎರಡೂ ಗುರುತು ಅರ್ಧ ಅಳತಿಗೆ ಮಾಡ್ರಿ: 43.5 ಮತ್ತು 13 ಮಿಮೀ. ದೂರಕ್ಕ ಹಗ್ಗ ಅಳದು ಎರಡೂ ತುದಿಗೆ ಗಂಟು ಹಾಕಿ ಇಟ್ಕೋರಿ. ಹೆಜ್ಜಿ ಎಣಿಸಿ ನಿಲ್ಲಿಸಿದ್ರ ಒಬ್ಬೊಬ್ಬರದು ಒಂದೊಂದು ದೂರ ಆಗ್ತದ.

ಗುರುತು ಗೋಡಿಗೆ ಅಂಟಿಸಬ್ಯಾಡ್ರಿ, ರಟ್ಟಿಗೆ ಹಚ್ಚಿ ಹುಡುಗಿ ಕೈಯಾಗ ಕೊಡ್ರಿ. ಪ್ರತಿ ಸಲ ಹಿಂದಕ್ಕ ಮರಿ ಮಾಡಿ ತಿರುಗಿಸಿ ತೋರಸ್ಲಿ. ಒಂದು ಕಣ್ಣಿಗೆ ಐದು ಸಲ. ನಾಲ್ಕು ಸರಿ ಹೇಳಿದ್ರ ಕಾಣಸ್ತದ ಅಂತ ಬರೀರಿ. ಮೊದಲು ಬಲಗಣ್ಣು, ಆಮ್ಯಾಲೆ ಎಡಗಣ್ಣು, ಕಡ್ಡಾಯ ಒಂದೊಂದೇ. ಎರಡೂ ಕಣ್ಣು ತಗದು ನೋಡಿದ್ರ ಒಂದು ಕಣ್ಣು ಪೂರಾ ಹೋಗಿದ್ರೂ ಗೊತ್ತಾಗೂದಿಲ್ಲ. ದೂರದ ಕನ್ನಡಕ ಇದ್ರ ಹಾಕ್ಕೊಂಡೇ ನೋಡ್ಲಿ.

ತಪ್ಪು ಆಗೋದು ಎಲ್ಲಿ ಅಂದ್ರ, ಅಂಗೈಯಿಂದ ಕಣ್ಣು ಒತ್ತಿ ಹಿಡೀತಾರ. ಅದನ್ನ ಬಿಟ್ಟ ಮ್ಯಾಲೆ ಸ್ವಲ್ಪ ಹೊತ್ತು ಆ ಕಣ್ಣು ಮಂಜು. ಅಂಗೈ ಗುಳಿ ಮಾಡಿ ಮುಚ್ಚಲಿ, ಇಲ್ಲಾ ರಟ್ಟು ಹಿಡೀಲಿ. ಬೆರಳು ಸಂದಿಯಿಂದ ನೋಡ್ತಾರ, ಅದನ್ನ ತಡೀರಿ. ಕಣ್ಣು ಕಿರಿದು ಮಾಡಿ ನೋಡಿದ್ರೂ ಲೆಕ್ಕ ತಪ್ತದ. ಹಿಂದ ನಿಂತ ಮೊಮ್ಮಕ್ಕಳು ‘ಮ್ಯಾಲೆ ಐತಿ ಅಜ್ಜಿ’ ಅಂತ ಹೇಳಿಬಿಡ್ತಾರ, ಅವರನ್ನ ಬೇರೆ ಕಡೆ ಕೂಡಿಸ್ರಿ. ಬೆಳಕು ಗುರುತಿನ ಮ್ಯಾಲೆ ಬೀಳ್ಬೇಕು, ನೋಡೋರ ಕಣ್ಣಿಗೆ ಕುಕ್ಕಬಾರದು. ಬಾಗಿಲು ಕಡಿ ಬೆನ್ನು ಮಾಡಿ ಕೂಡಿಸಿದ್ರ ಛಲೋ.

ಸಣ್ಣ ಗುರುತು ಕಾಣದಿದ್ದೋರಿಗೆ ಕಿಂಡಿ ರಟ್ಟು ಕೊಡ್ರಿ. ಕಪ್ಪು ರಟ್ಟಿನಾಗ ಹೊಲಿಗಿ ಸೂಜಿಯಿಂದ 1 ಮಿಮೀ ಕಿಂಡಿ, ಹೆಚ್ಚಂದ್ರ 1.2. ದಬ್ಬಣದಾಗ ಮಾಡಬ್ಯಾಡ್ರಿ, ಕಿಂಡಿ ದೊಡ್ಡದಾದ್ರ ಉಪಯೋಗ ಇಲ್ಲ. ಕಿಂಡಿಯಾಗಿಂದ ನೋಡಿದಾಗ ಕಾಣಿಸಿದ್ರ ಹೆಚ್ಚಿನವರಿಗೆ ಕನ್ನಡಕ ಸಾಕಾಗ್ತದ. ಕಿಂಡಿಯಾಗೂ ಕಾಣದಿದ್ರ ಪೊರೆ ಇರಬಹುದು, ಬ್ಯಾರೆ ಏನರ ಇರಬಹುದು, ಅವರು ಕಣ್ಣಿನ ಡಾಕ್ಟರ್ ಹತ್ರ ಹೋಗ್ಲೇಬೇಕು. ಮಕ್ಕಳು ‘ನಿಮಗ ಪೊರೆ ಬಂದೈತಿ’ ಅಂತ ಹೇಳಬಾರದು. ‘ಕಾಣಸ್ತದ’, ‘ಕನ್ನಡಕದ ತಪಾಸಣೆ’, ‘ಡಾಕ್ಟರ್ ನೋಡ್ಬೇಕು’, ಮೂರೇ ಚೀಟಿ. ಹನಿ ಹಾಕಬ್ಯಾಡ್ರಿ, ಕಣ್ಣು ಮುಟ್ಟಬ್ಯಾಡ್ರಿ.

ಇನ್ನೊಂದು. ‘ಕಣ್ಣಾಗ ಹೂ ಬಿದ್ದದ’ ಅಂತ ಬರೋರದು ಕಪ್ಪುಗುಡ್ಡಿ ಮ್ಯಾಲಿನ ಬಿಳಿ ಕಲೆ, ಭಾಳ ಸಲ ಭತ್ತದ ಗರಿ ಬಡದು ಹುಣ್ಣಾಗಿ ಆಗಿರ್ತದ. ‘ಮಾಂಸ ಬೆಳದದ’ ಅನ್ನೋದು ಮೂಗಿನ ಕಡಿಂದ ಬರೋ ತೊಗಲು. ಎರಡೂ ಪೊರೆ ಅಲ್ಲ. ಪೊರೆ ಇರೋದು ಒಳಗ, ಪಾಪೆಯ ಹಿಂದ. ಫಲಕದಾಗ ಮೂರೂ ಚಿತ್ರ ಬಾಜೂಬಾಜೂ ಬಿಡಿಸಿದ್ರ ಊರ ಮಂದಿಗೆ ಭಾಳ ಉಪಯೋಗ.

ಕಣ್ಣು_ಡಾಕ್ಟರ್_ಬಳ್ಳಾರಿ:

ಸಿಂಧನೂರಿನವರು ಹೇಳಿದ್ದು ಎಲ್ಲ ಸರಿ. ‘ಡಾಕ್ಟರ್ ನೋಡ್ಬೇಕು’ ಚೀಟಿಯ ಹಿಂಬದಿಗೆ ಇಷ್ಟು ಸೇರಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಪೊರೆ ಆಪರೇಷನ್ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ. ಹೋಗುವಾಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಮುಖ್ಯವಾಗಿ ಮೂತ್ರ ಸರಾಗವಾಗಲೆಂದು ಗಂಡಸರು ನುಂಗುವ ಟ್ಯಾಮ್ಸುಲೋಸಿನ್. ಅದರಿಂದ ಕಣ್ಣಿನ ಪಾಪೆಯ ಪರದೆ ಸಡಿಲವಾಗಿ ಆಪರೇಷನ್ ನಡುವೆ ಕೊಯ್ತದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಆ ಪರಿಣಾಮ ಇರುತ್ತದೆ, ಆದ್ದರಿಂದ ತಾವೇ ನಿಲ್ಲಿಸಬಾರದು, ಮೊದಲೇ ಹೇಳಬೇಕು. ಸರ್ಜನ್‌ಗೆ ಗೊತ್ತಿದ್ದರೆ ತಯಾರಿ ಮಾಡಿಕೊಳ್ಳುತ್ತಾರೆ.

ಒಳಗೆ ಇಡುವ ಕೃತಕ ಮಸೂರದ ನಂಬರ್‌ಗೆ ಕಣ್ಣಿನ ಉದ್ದ ಅಳೆಯುತ್ತಾರೆ. ಅಲ್ಲಿ 1 ಮಿಮೀ ತಪ್ಪಿದರೆ ನಂಬರ್ ಸುಮಾರು 2.5 ಆಚೀಚೆ ಆಗುತ್ತದೆ. ಅಳೆಯುವಾಗ ಅಲುಗದೆ ಕೂರಬೇಕು ಎನ್ನುವುದು ಅದಕ್ಕೆ.

ಆಪರೇಷನ್ ಆದ ಮೇಲೆ ಹನಿ ಸುಮಾರು ಆರು ವಾರ, ವೈದ್ಯರು ಬರೆದಂತೆ ಕಡಿಮೆ ಮಾಡುತ್ತಾ. ಮೊದಲ ವಾರಗಳಲ್ಲಿ ಒಲೆಯ ಹೊಗೆ, ಭತ್ತ ಮೆಣಸಿನಕಾಯಿಯ ಕಣದ ಧೂಳು, ತಲೆಯ ಮೇಲಿಂದ ಸ್ನಾನ ಬೇಡ. ಇದೊಂದನ್ನು ಕೆಂಪು ಅಕ್ಷರದಲ್ಲಿ ಬರೆಯಿಸಿ: ಮೊದಲ ವಾರದೊಳಗೆ ನೋವು ಹೆಚ್ಚಾಗಿ, ಕಣ್ಣು ಕೆಂಪಾಗಿ, ಬಂದಿದ್ದ ದೃಷ್ಟಿ ಕಡಿಮೆಯಾದರೆ ಅದು ಒಳಗಿನ ಸೋಂಕಿರಬಹುದು. ನಾಳೆ ಬಸ್ಸಿಗೆ ಹೋದರಾಯಿತು ಎನ್ನದೆ ಅದೇ ದಿನ, ರಾತ್ರಿಯಾದರೂ ಸರಿ, ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಬೇಕು. ಆ ಆಸ್ಪತ್ರೆಯ ಫೋನ್ ನಂಬರ್ ಬರೆಯಲು ಚೀಟಿಯಲ್ಲಿ ಒಂದು ಖಾಲಿ ಗೆರೆ ಬಿಡಿ.